ಕಿಟ್ಟು ಬೀರು ಒಳಗಿದೆ, ಬೀಗದ ಕೈ ಹೆಚ್ಚೆಮ್ ಹತ್ರ ಇದೆ

ಮೊದ್ಲು ಒಂದು ಪ್ರಶ್ನೆ ಕೇಳ್ತೀನಿ. ಇಲ್ಲಿ ಕೂತಿರೋ ಮೇಷ್ಟ್ರು, ಮೇಡಂಗಳಲ್ಲಿ ಎಷ್ಟು ಜನರ ಶಾಲೇಲಿ ರೋಬೋಟಿಕ್ಸ್ ಕಿಟ್ ಇದೆ, ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿನೇ ಇದೀರ. ಕೈ ಇಳಿಸ್ಬೇಡಿ. ಈ ವರ್ಷ ಆ ಕಿಟ್ಟಲ್ಲಿ ಒಂದಾದ್ರೂ ಸಾಮಾನು ಸುಟ್ಟೋಗಿದೆ ಅಥ್ವಾ ಮುರಿದೋಗಿದೆ ಅನ್ನೋರು ಮಾತ್ರ ಕೈ ಹಂಗೇ ಇಟ್ಕೊಳ್ಳಿ, ಮಿಕ್ಕೋರು ಇಳಿಸಿ. ನೋಡಿ, ಮೂರೇ ಕೈ ಉಳೀತು. ನಾನು ಇವತ್ತು ಮಾತಾಡೋಕೆ ಬಂದಿರೋದು ಈ ಮೂರು ಶಾಲೆ ಬಗ್ಗೆ ಅಲ್ಲ, ಕೈ ಇಳಿಸಿದ್ರಲ್ಲ, ನಿಮ್ಮ ಬಗ್ಗೆ. ಬೇಜಾರು ಮಾಡ್ಕೋಬೇಡಿ, ನಾನೂ ಹನ್ನೊಂದು ತಿಂಗಳು ನಿಮ್ಮ ಸಾಲಲ್ಲೇ ಇದ್ದೋಳು.

ನಮ್ಮ ಹೈಸ್ಕೂಲಿಗೆ ಕಿಟ್ ಬಂದಾಗ ನಡೆದಿದ್ದು ಹೇಳ್ತೀನಿ. ತುಮಕೂರು ಜಿಲ್ಲೆ, ಸುತ್ತ ತೆಂಗು ಅಡಿಕೆ ತೋಟ, ಊರ ಹೆಸರು ಬೇಡ. ನಾಲ್ಕು ದೊಡ್ಡ ರಟ್ಟಿನ ಡಬ್ಬ ಬಂತು. ನಾನೂ ಗಣಿತದ ಮೇಷ್ಟ್ರೂ ಸಂಜೆ ಆರೂವರೆವರೆಗೂ ಕೂತು ಒಂದೊಂದೇ ಎಣಿಸಿ ಸ್ಟಾಕ್ ರಿಜಿಸ್ಟರಿಗೆ ಬರೆದ್ವಿ, ಎಲ್‌ಇಡಿ ಕೆಂಪು ಇಷ್ಟು, ಹಸಿರು ಇಷ್ಟು, ಜಂಪರ್ ವೈರು ಇಷ್ಟು ಅಂತ. ಬರೆದು ಮುಗಿದ್ಮೇಲೆ ನಮ್ಮ ಹೆಚ್ಚೆಮ್, ಅಂದ್ರೆ ಹೆಡ್‌ಮಾಸ್ಟ್ರು, ಬಂದು ಎಲ್ಲಾ ವಾಪಸ್ ಡಬ್ಬಕ್ಕೆ ಹಾಕ್ಸಿ, ಡಬ್ಬನ ಬೀರುಗೆ ಹಾಕ್ಸಿ, ಬೀಗದ ಕೈನ ಜೇಬಿಗೆ ಹಾಕ್ಕೊಂಡ್ರು. "ಮೇಡಂ, ಒಂದು ಐಟಂ ಕಮ್ಮಿ ಆದ್ರೂ ಆಡಿಟ್‌ನಲ್ಲಿ ನಾನೇ ಉತ್ತರ ಕೊಡ್ಬೇಕು, ರಿಟೈರ್‌ಮೆಂಟಿಗೆ ಇನ್ನೆರಡು ವರ್ಷ ಇದೆ, ಪೆನ್ಷನ್ ಫೈಲಿಗೆ ಕಲ್ಲು ಬೀಳ್ಬಾರ್ದು" ಅಂದ್ರು. ನಂಗೆ ಸಿಟ್ಟು ಬಂತು. ಆದ್ರೆ ಆಮೇಲೆ ಯೋಚ್ನೆ ಮಾಡಿದ್ರೆ ಆ ಮನುಷ್ಯನ ಭಯ ಸುಳ್ಳಲ್ಲ ಅನ್ನಿಸ್ತು. ಒಂದು ರೂಪಾಯಿ ಎಲ್‌ಇಡಿಗೂ ಲೆಕ್ಕ ಕೇಳೋ ವ್ಯವಸ್ಥೆ ನಮ್ದು, ಆ ಎಲ್‌ಇಡಿಯಿಂದ ಮಗು ಏನು ಕಲೀತು ಅಂತ ಕೇಳೋಕೆ ಮಾತ್ರ ಯಾವ ಕಾಲಮ್ಮೂ ಇಲ್ಲ. ಹನ್ನೊಂದು ತಿಂಗಳಲ್ಲಿ ಆ ಬೀರು ತೆಗೆದಿದ್ದು ಎರಡೇ ಸಲ, ಎರಡು ಸಲನೂ ಯಾರೋ ಸಾಹೇಬ್ರು ವಿಸಿಟಿಗೆ ಬಂದಾಗ, ಫೋಟೋಗೆ.

ದಾರಿ ಸಿಕ್ಕಿದ್ದು ಎಲ್ಲಿ ಅಂದ್ರೆ ನಮ್ಮ ಆಫೀಸಿನ ಗುಮಾಸ್ತರ ಹತ್ರ. ಅವ್ರು ಟೀ ಕುಡೀತಾ ಹೇಳಿದ್ರು, "ಮೇಡಂ, ಸೀಮೆಸುಣ್ಣನ ನೀವು ಯಾವ ರಿಜಿಸ್ಟರಿಗೆ ಹತ್ತಿಸ್ತೀರ? ಅದು ಖರ್ಚಾಗೋ ಸಾಮಾನು. ಬೆಂಚು ಖರ್ಚಾಗದ ಸಾಮಾನು. ನೀವು ಎಲ್‌ಇಡಿನ ಬೆಂಚಿನ ಪಕ್ಕ ಬರೆದು ಕೂತಿದೀರಲ್ಲ." ಅಷ್ಟೇ. ಲ್ಯಾಪ್‌ಟಾಪು, ಮಲ್ಟಿಮೀಟರು, ಸೋಲ್ಡರಿಂಗ್ ಐರನ್ ಒಂದು ಪುಸ್ತಕದಲ್ಲಿ. ಎಲ್‌ಇಡಿ, ಕರೆಂಟನ್ನ ತಡೆದು ಮಿತೀಲಿಡೋ ರೆಸಿಸ್ಟರು, ವೈರು, ಸೆನ್ಸರು, ಚಿಕ್ಕ ಮೋಟಾರು ಇವೆಲ್ಲಾ ಸೀಮೆಸುಣ್ಣದ ಪುಸ್ತಕದಲ್ಲಿ. ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿ, ಮೀಟಿಂಗಲ್ಲಿ ಇಟ್ಟು ಒಂದು ಠರಾವು ಬರೆಸ್ಕೊಂಡ್ವಿ, ಹೆಚ್ಚೆಮ್ ಸಹಿ ಹಾಕಿದ್ರು, ಬೀಗ ತೆಗೀತು.

ಆಮೇಲೆ ಒಂದು ಹಳೇ ಬಿಸ್ಕತ್ ಡಬ್ಬ ಇಟ್ವಿ. ಸುಟ್ಟಿದ್ದು ಮುರಿದಿದ್ದು ಎಲ್ಲಾ ಅದಕ್ಕೆ ಹಾಕ್ಬೇಕು, ಜೊತೆಗೆ ಯಾಕೆ ಸುಟ್ಟಿತು ಅಂತ ಒಂದು ಚೀಟಿ ಬರೆದು ಹಾಕ್ಬೇಕು, ಬೈಯೋದಿಲ್ಲ. ಮಕ್ಳು ಆ ಡಬ್ಬಕ್ಕೆ ಸ್ಮಶಾನ ಅಂತ ಹೆಸರಿಟ್ರು. "5 ವೋಲ್ಟ್ ಕೊಡೋ ಕಡೆ 12 ಕೊಟ್ಟೆ." "ರೆಸಿಸ್ಟರ್ ಇಲ್ದೆ ಎಲ್‌ಇಡಿ ಹಾಕ್ದೆ, ಒಂದು ಸಲ ಜೋರಾಗಿ ಉರೀತು ಆಮೇಲೆ ಉರೀಲಿಲ್ಲ." "ಪ್ಲಸ್ಸು ಮೈನಸ್ಸು ಉಲ್ಟಾ ಆಯ್ತು, ವಾಸನೆ ಬಂತು." ನಾನು ಇಪ್ಪತ್ತು ವರ್ಷದಿಂದ ಓಮ್‌ನ ನಿಯಮ ಪಾಠ ಮಾಡ್ತಿದೀನಿ, ಉತ್ತರ ಪತ್ರಿಕೇಲಿ ಇಷ್ಟು ಚೆನ್ನಾಗಿ ಒಬ್ರೂ ಬರೆದಿರ್ಲಿಲ್ಲ.

ಈಗ ಸ್ವಲ್ಪ ಲೆಕ್ಕಾಚಾರ. ನೀತಿ ಆಯೋಗದ ಅಟಲ್ ಇನ್ನೋವೇಷನ್ ಮಿಷನ್ನು 2016ರಲ್ಲಿ ಶುರುವಾಗಿದ್ದು. ಅದರ ಟಿಂಕರಿಂಗ್ ಲ್ಯಾಬ್, ಅಂದ್ರೆ ಮಕ್ಳು ಕೈಯಾರೆ ಮಾಡಿ ನೋಡಿ ಕಲಿಯೋ ಲ್ಯಾಬ್, ಸಿಕ್ಕಿದ ಶಾಲೆಗೆ 20 ಲಕ್ಷ, ಹತ್ತು ಲಕ್ಷ ಲ್ಯಾಬ್ ಮಾಡೋಕೆ, ಇನ್ನು ಹತ್ತು ಲಕ್ಷ ಐದು ವರ್ಷ ನಡೆಸೋಕೆ. ದೇಶದಲ್ಲಿ 10,000 ಶಾಲೆಗೆ ಬಂದಿದೆ, ಖಾಸಗಿ ಶಾಲೆನೂ ಅದರಲ್ಲಿ ಸೇರಿದೆ. 2025ರ ಬಜೆಟ್ಟಲ್ಲಿ ಇನ್ನು ಐದು ವರ್ಷಕ್ಕೆ ಸರ್ಕಾರಿ ಶಾಲೆಗಳಲ್ಲೇ 50,000 ಲ್ಯಾಬ್ ಮಾಡ್ತೀವಿ ಅಂದ್ರು. ಒಳ್ಳೇದೇ. ಆದ್ರೆ 50,000 ಲ್ಯಾಬ್ ಅಂದ್ರೆ ಕನಿಷ್ಠ 50,000 ಬೀಗ ಅಂತಾನೂ ಆಯ್ತಲ್ಲ, ಅದಕ್ಕೇ ಹೇಳ್ತಿರೋದು.

ಇನ್ನು, ಇದೇನು ಹೊಸಾ ಕಾಯಿಲೆ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಅಂದ್ರು, ಕೈಕೆಲಸದ ಮೂಲಕವೇ ಎಲ್ಲಾ ಪಾಠ ಅಂತ. ಸ್ವಾತಂತ್ರ್ಯ ಬಂದ್ಮೇಲೆ 1952-53ರ ಮುದಲಿಯಾರ್ ಆಯೋಗ ವಿವಿಧೋದ್ದೇಶ ಪ್ರೌಢಶಾಲೆ ಅಂತು, ಕೊಠಾರಿ ಆಯೋಗ ಕಾರ್ಯಾನುಭವ ಅಂತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಎಸ್‌ಯುಪಿಡಬ್ಲ್ಯು, ಅಂದ್ರೆ ಸಮಾಜಕ್ಕೆ ಉಪಯೋಗ ಆಗೋ ಕೈಕೆಲಸ, ತಂತು. ನಾನು ಓದಿದ ಶಾಲೇಲಿ ಒಂದು ಮಗ್ಗ ಇತ್ತು. ನಿಜವಾದ ಮಗ್ಗ, ನೂಲು ಸಮೇತ. ಐದು ವರ್ಷ ಕಿಟಕಿಯಿಂದ ನೋಡಿದೀನಿ. ಮುಟ್ಟಿಲ್ಲ. ಆ ರೂಮಿಗೂ ಬೀಗ ಇತ್ತು, ಒಳಗೆ ಹಳೇ ಉತ್ತರ ಪತ್ರಿಕೆ ಮೂಟೆ ಪೇರಿಸಿದ್ರು. ಅದು ಹಂಗಿರ್ಲಿ.

ಬೀಗ ತೆಗೆದ್ಮೇಲೆ ಏನಾಗುತ್ತೆ ಅಂತ ನೋಡೋಣ. ಎಲ್ರೂ ಮೊದ್ಲು ಮಾಡೋದು ಕಾರು, ಎರಡು ಹಳದಿ ಗೇರ್ ಮೋಟಾರು, ಪ್ರೋಗ್ರಾಂ ಹಾಕಿದಂಗೆ ಕೆಲಸ ಮಾಡೋ ಒಂದು ಆರ್ಡುಯಿನೋ ಬೋರ್ಡು, ಮಧ್ಯೆ ಮೋಟಾರಿಗೆ ಕರೆಂಟು ಬಿಡೋ ಒಂದು ಮೋಟಾರ್ ಡ್ರೈವರು, ಮುಂದೆ ಎರಡು ಕಣ್ಣಿನ ಥರ ಇರೋ, ಶಬ್ದದಿಂದ ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರು. ನಮ್ಮ 9ನೇ ಕ್ಲಾಸ್ ಮಕ್ಳು ಜೋಡಿಸಿದ್ರು, ಪ್ರೋಗ್ರಾಂ ಹಾಕಿದ್ರು, ಲ್ಯಾಪ್‌ಟಾಪಿನ ಕೇಬಲ್ ಇದ್ದಾಗ ಬೋರ್ಡು ಚೆನ್ನಾಗೇ ಇತ್ತು. ಕೇಬಲ್ ತೆಗೆದು ಆ ಚೌಕದ 9 ವೋಲ್ಟ್ ಬ್ಯಾಟರಿ ಹಾಕಿ ನೆಲಕ್ಕೆ ಬಿಟ್ರು, ಒಂದು ಗೇಣು ಹೋಗುತ್ತೆ, ನಿಲ್ಲುತ್ತೆ, ಬೋರ್ಡಿನ ಲೈಟು ಮಿಣಕ್ ಅನ್ನುತ್ತೆ, ಮತ್ತೆ ಒಂದು ಗೇಣು ಹೋಗುತ್ತೆ. ಬಿಕ್ಕಳಿಕೆ ಬಂದೋರ ಥರ. ಪ್ರೋಗ್ರಾಂ ತಪ್ಪು ಅಂತ ಎರಡು ಪಿರಿಯಡ್ ಅದನ್ನೇ ತಿದ್ದಿದ್ರು, ಬ್ಯಾಟರಿ ಹೊಸದು ಹಾಕಿದ್ರು, ಅದೇ ಬಿಕ್ಕಳಿಕೆ. ನಂಗೂ ಗೊತ್ತಿರ್ಲಿಲ್ಲ, ಸುಳ್ಳು ಹೇಳಲ್ಲ. ಗೊತ್ತಿಲ್ಲ ಕಣ್ರೋ, ನೀವೇ ನೋಡಿ ಅಂದೆ.

ಒಬ್ಬ ಹುಡುಗ ಇದ್ದ, ಕ್ಲಾಸಲ್ಲಿ ಬಾಯೇ ಬಿಡದವನು, ಟೆಸ್ಟಲ್ಲಿ ಯಾವಾಗ್ಲೂ ಅಂಚಿನಲ್ಲಿ ಪಾಸು. ಅವನು ಹಿಂದಿಂದ ಹೇಳಿದ, "ಮಿಸ್, ನಮ್ ತೋಟದಲ್ಲಿ ಮೋಟ್ರು ಆನ್ ಮಾಡ್ದಾಗ ಮನೆ ಬಲ್ಬು ಡಿಮ್ ಆಗುತ್ತಲ್ಲ, ಇದೂ ಹಂಗೇನಾ?" ಹೋಗಿ ಮಲ್ಟಿಮೀಟರ್ ತಗೊಂಡು ಬ್ಯಾಟರಿಗೆ ಹಿಡಿದ. ಸುಮ್ನೆ ಇದ್ದಾಗ 9ಕ್ಕಿಂತ ಒಂಚೂರು ಜಾಸ್ತಿ. ಮೋಟಾರು ತಿರುಗೋಕೆ ಶುರುವಾದ ಕ್ಷಣ ದಡಕ್ಕನೆ 6ರ ಕೆಳಗೆ. ಆ ಚೌಕದ ಬ್ಯಾಟರೀಲಿ ವೋಲ್ಟೇಜ್ ಇದೆ, ಆದ್ರೆ ಮೋಟಾರು ಕೇಳೋವಷ್ಟು ಕರೆಂಟು ಕೊಡೋ ತಾಕತ್ತಿಲ್ಲ, ವೋಲ್ಟೇಜ್ ಬಿದ್ದ ತಕ್ಷಣ ಬೋರ್ಡು ಸತ್ತು ಹುಟ್ಟುತ್ತೆ, ಅದೇ ಬಿಕ್ಕಳಿಕೆ. ದಪ್ಪ ಲಿಥಿಯಂ ಸೆಲ್ ಎರಡು ಹಾಕಿದ್ವಿ, ಕಾರು ಓಡಿತು. ಓಡಿತು ಅಂದ್ರೆ ಎಡಗಡೆಗೆ ಸುತ್ತು ಹೊಡೀತು, ಯಾಕಂದ್ರೆ ಎರಡು ಮೋಟಾರು ಒಂದೇ ವೇಗದಲ್ಲಿ ತಿರುಗಲ್ಲ, ಅದು ಮುಂದಿನ ವಾರದ ಕತೆ ಆಯ್ತು. ವೋಲ್ಟೇಜು, ಕರೆಂಟು ಬೇರೆ ಬೇರೆ ಅನ್ನೋದನ್ನ ನಾನು ನೀರಿನ ಟ್ಯಾಂಕಿನ ಚಿತ್ರ ಬರೆದು ವರ್ಷಾನುಗಟ್ಲೆ ಹೇಳಿದೀನಿ. ಆ ಹುಡುಗನ ತಲೇಲಿ ಅದು ಚಿಕ್ಕ ವಯಸ್ಸಿಂದ ಇತ್ತು, ನಾವು ಕೇಳಿರ್ಲಿಲ್ಲ ಅಷ್ಟೇ.

ಇಲ್ಲಿ ಅಮೆರಿಕದ ಒಂದು ಘಟನೆ ಹೇಳ್ಬೇಕು. 2004ರಲ್ಲಿ ಅರಿಝೋನಾದ ಫೀನಿಕ್ಸ್ ಊರಿನ ಕಾರ್ಲ್ ಹೇಡನ್ ಅನ್ನೋ ಸರ್ಕಾರಿ ಹೈಸ್ಕೂಲಿನ ನಾಲ್ಕು ಹುಡುಗ್ರು, ಮೆಕ್ಸಿಕೋದಿಂದ ಬಂದ ಬಡ ಮನೆಯೋರು, ಕಾಗದ ಪತ್ರನೂ ಸರಿ ಇರ್ಲಿಲ್ಲ, ನೀರೊಳಗೆ ಓಡೋ ರೋಬೋಟ್ ಸ್ಪರ್ಧೆಗೆ ಹೋದ್ರು. ಅವರ ರೋಬೋಟು ಪಿವಿಸಿ ಪೈಪಿಂದು, ನಮ್ಮೂರ ಹಾರ್ಡ್‌ವೇರ್ ಅಂಗಡೀಲಿ ಸಿಗುತ್ತಲ್ಲ ಅದೇ. ಪೈಪಿನ ಗಮ್ಮಿನ ವಾಸನೆಗೆ ಅದಕ್ಕೆ ಸ್ಟಿಂಕಿ ಅಂತ ಹೆಸರಿಟ್ರು, ನಾರೋದು ಅಂತ. ಖರ್ಚು ಸುಮಾರು 800 ಡಾಲರ್. ಕಾಲೇಜು ವಿಭಾಗದಲ್ಲೇ ಸ್ಪರ್ಧೆ ಮಾಡಿದ್ರು, ಎದುರಿಗೆ ಎಂಐಟಿ, ಅಮೆರಿಕದ ಅತಿ ಹೆಸರುವಾಸಿ ಎಂಜಿನಿಯರಿಂಗ್ ವಿಶ್ವವಿದ್ಯಾಲಯ. ಸ್ಪರ್ಧೆ ಜಾಗಕ್ಕೆ ಹೋದ್ಮೇಲೆ ಸರ್ಕ್ಯೂಟ್ ಇಟ್ಟಿದ್ದ ಪೆಟ್ಟಿಗೆಗೆ ನೀರು ಒಸರೋಕೆ ಶುರುವಾಯ್ತು. ಬೇರೆ ಪೆಟ್ಟಿಗೆ ಇಲ್ಲ, ಟೈಮೂ ಇಲ್ಲ. ನೀರು ಹೀರೋ ವಸ್ತು ಏನಿದೆ ಅಂತ ಯೋಚ್ನೆ ಮಾಡಿ, ಅಂಗಡಿಗೆ ಹೋಗಿ ಹೆಣ್ಣುಮಕ್ಳು ಮುಟ್ಟಿನಲ್ಲಿ ಬಳಸೋ ಟ್ಯಾಂಪನ್ ತಂದು ಪೆಟ್ಟಿಗೆ ಒಳಗೆ ತುರುಕಿದ್ರು. ಗೆದ್ರು ಕಣ್ರೀ, ಎಂಐಟಿ ಎರಡನೇ ಸ್ಥಾನ.

ಇದನ್ನ ನಾನು ಕ್ಲಾಸಲ್ಲಿ ಹೇಳಿದಾಗ ಹುಡುಗ್ರು ತಲೆ ತಗ್ಗಿಸಿದ್ರು, ಹುಡುಗೀರು ಬಾಯಿಗೆ ದುಪ್ಪಟ್ಟ ಹಿಡ್ಕೊಂಡು ನಕ್ರು. ಅವತ್ತು ಗಮನಿಸಿದೆ. ನಮ್ಮ ಲ್ಯಾಬಲ್ಲಿ ಸ್ಕ್ರೂಡ್ರೈವರ್ ಯಾವಾಗ್ಲೂ ಹುಡುಗ್ರ ಕೈಲಿ, ರೆಕಾರ್ಡ್ ಪುಸ್ತಕ ಯಾವಾಗ್ಲೂ ಹುಡುಗೀರ ಕೈಲಿ. "ಅವ್ರ ಅಕ್ಷರ ಚೆನ್ನಾಗಿದೆ ಮಿಸ್" ಅಂತ ಕಾರಣ ಬೇರೆ. ಮಾರನೇ ದಿನದಿಂದ ಅದಲು ಬದಲು ಮಾಡಿದೆ. ಹುಡುಗ್ರ ಅಕ್ಷರ ನೋಡೋಕಾಗಲ್ಲ ನಿಜ, ನಂಗೆ ಕನ್ನಡಕದ ನಂಬರ್ ಬದಲಾಯ್ತು.

ಹಂಗೆ ಬದಲಾದ ಮೇಲೇನೇ ಇದು ಆಗಿದ್ದು. ತಾಮ್ರದ ತಂತಿ ಸುತ್ತಿ, ಒಂದು ಅಯಸ್ಕಾಂತ, ಎರಡು ಸೇಫ್ಟಿ ಪಿನ್ನು, ಒಂದು ಸೆಲ್ಲು ಇಟ್ಟು ಸಣ್ಣ ಮೋಟಾರು ಮಾಡ್ತಿದ್ವಿ. ಐದು ಗುಂಪಲ್ಲಿ ಒಂದೂ ತಿರುಗ್ತಿಲ್ಲ. ಒಬ್ಳು ಹುಡುಗಿ ತಂತಿನ ಬೆಳಕಿಗೆ ಹಿಡಿದು ನೋಡಿ, "ಮಿಸ್, ಇದ್ರ ಮೇಲೆ ವಾರ್ನಿಷ್ ಇದೆ, ಕೆರೀಬೇಕು" ಅಂದು ಬ್ಲೇಡ್ ಇಸ್ಕೊಂಡು ತುದಿ ಕೆರೆದ್ಳು. ಒಂದು ತುದಿ ಪೂರ್ತಿ ಸುತ್ತ, ಇನ್ನೊಂದು ತುದಿ ಅರ್ಧ ಮಾತ್ರ ಕೆರೀಬೇಕು ಅಂತ ನಾನು ಹೇಳಿಕೊಟ್ಟೆ, ಆ ಅರ್ಧನೇ ಕಾಮ್ಯುಟೇಟರ್ ಕೆಲಸ ಮಾಡೋದು, ಅಂದ್ರೆ ಸರಿಯಾದ ಅರ್ಧ ಸುತ್ತಿಗೆ ಮಾತ್ರ ಕರೆಂಟು ಬಿಡೋದು. ಗಿರ್ರ್ ಅಂತ ತಿರುಗ್ತು. ನಿಂಗೆ ಹೆಂಗಮ್ಮ ಗೊತ್ತು ಅಂದ್ರೆ, ಅವ್ಳ ಅಪ್ಪಂದು ಬಸ್‌ಸ್ಟ್ಯಾಂಡ್ ಹತ್ರ ಮೋಟಾರ್ ರೀವೈಂಡಿಂಗ್ ಅಂಗಡಿ.

ಒಂದು ಶನಿವಾರ ಕ್ಲಾಸಿಗೆ ಕ್ಲಾಸೇ ಆ ಅಂಗಡಿಗೆ ಹೋದ್ವಿ. ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರ್ಲಿ, 6ರಿಂದ 8ನೇ ಕ್ಲಾಸಿನ ಮಕ್ಳಿಗೆ ಹತ್ತು ದಿನ ಬ್ಯಾಗ್ ಇಲ್ದೆ ಊರಿನ ಕಸುಬುದಾರರ ಹತ್ರ ಕಳಿಸಿ ಅಂತ ಅದರಲ್ಲಿ ಬರೆದಿರೋ ಒಂದು ಮಾತು ನಂಗೆ ಒಪ್ಪಿಗೆ, ಹೈಸ್ಕೂಲಿಗೂ ಬೇಕು ಅಂತೀನಿ. ಆ ಮನುಷ್ಯ ಓದಿರೋದು ಏಳನೇ ಕ್ಲಾಸು. ಸುಟ್ಟ ಮೋಟಾರು ಬಿಚ್ಚಿ, ಹಳೇ ಸುರುಳಿ ಕತ್ತರಿಸಿ, ಒಂದು ಸುರುಳಿಲಿ ಎಷ್ಟು ಸುತ್ತು ಅಂತ ಎಣಿಸಿ, ತಂತಿ ದಪ್ಪನ ಗೇಜಲ್ಲಿ ಅಳೆದು, ಸುಟ್ಟ ತಾಮ್ರನ ತಕ್ಕಡೀಲಿ ತೂಗಿ ಗಿರಾಕಿಗೆ ತೋರಿಸಿ ಪಕ್ಕಕ್ಕಿಟ್ರು. ನಮ್ಮ ಒಬ್ಬ ಹುಡುಗ ಕೇಳಿದ, ನಿಮಿಷಕ್ಕೆ ಈ ಮೋಟಾರು 1440 ಸುತ್ತು, ಆ ಮೋಟಾರು 2880 ಸುತ್ತು ಅಂತ ಬರೆದಿದೆಯಲ್ಲ, ಸರಿಯಾಗಿ ಎರಡರಷ್ಟು ಯಾಕೆ ಅಂತ. "ಅದು ನಾಲ್ಕು ಪೋಲು, ಇದು ಎರಡು ಪೋಲು ಕಣಪ್ಪ" ಅಂದ್ರು. ಯಾಕೆ ಹಂಗೆ ಅಂತ ಅವ್ರಿಗೆ ಹೇಳೋಕೆ ಬರ್ಲಿಲ್ಲ, ನಂಗೆ ಬರ್ತಿತ್ತು. ಸುತ್ತೋದು ನಂಗೆ ಬರಲ್ಲ, ಅವ್ರಿಗೆ ಬರುತ್ತೆ. ನನ್ನ ಪ್ರಕಾರ ಕಸುಬಿನ ಕಲಿಕೆ ಅಂದ್ರೆ ಆ ಇಬ್ರೂ ಒಂದೇ ಬೆಂಚಿನ ಎರಡು ಕಡೆ ನಿಂತು ಮಕ್ಳಿಗೆ ಸಿಗೋದು.

ಇದ್ರಲ್ಲಿ ಒಂದು ತಮಾಷೆ ಇದೆ. 2022ರಲ್ಲಿ ಕೇಂದ್ರದ ಪಠ್ಯಪುಸ್ತಕ ಮಾಡೋ ಎನ್‌ಸಿಇಆರ್‌ಟಿಯೋರು ಹೊರೆ ಕಮ್ಮಿ ಮಾಡ್ತೀವಿ ಅಂತ 10ನೇ ಕ್ಲಾಸಿನ ವಿಜ್ಞಾನದಿಂದ ಕೆಲವು ಪಾಠ ಕೈಬಿಟ್ರು, ಅದರಲ್ಲಿ ವಿದ್ಯುತ್ ಮೋಟಾರೂ ಹೋಯ್ತು, ಜನರೇಟರೂ ಹೋಯ್ತು. ಮೋಟಾರು ಯಾವ ಕಡೆ ತಿರುಗುತ್ತೆ ಅಂತ ಬೆರಳಲ್ಲಿ ತೋರಿಸೋ ಫ್ಲೆಮಿಂಗನ ಎಡಗೈ ನಿಯಮ ಮಾತ್ರ ಉಳೀತು. ಕೈ ಇದೆ, ಮೋಟಾರಿಲ್ಲ. ಆಮೇಲೆ ಅದೇ ಮಕ್ಳಿಗೆ ರೋಬೋಟ್ ಮಾಡಿ ಅಂತೀವಿ, ರೋಬೋಟಲ್ಲಿ ಮೋಟಾರ್ ಬಿಟ್ರೆ ಇನ್ನೇನಪ್ಪಾ ಇರುತ್ತೆ!

ತೋಟದ ಕತೆನೂ ಒಂಚೂರು ಹೇಳ್ಬಿಡ್ತೀನಿ. ಮಣ್ಣಿನ ತೇವ ನೋಡಿ ತಾನೇ ಹನಿ ನೀರಾವರಿ ಆನ್ ಮಾಡೋ ಯಂತ್ರ ಮಾಡದಿರೋ ವಿಜ್ಞಾನ ಮೇಳನೇ ಇಲ್ಲ, ಬಹುಮಾನನೂ ಅದಕ್ಕೇ ಬರುತ್ತೆ. ಕುಂಡದಲ್ಲಿ ಎರಡು ಗಂಟೆ ಚೆನ್ನಾಗೇ ನಡೆಯುತ್ತೆ. ನಮ್ಮ ಮಕ್ಳು ಅದನ್ನ ನಿಜವಾದ ಅಡಿಕೆ ಗಿಡದ ಬುಡಕ್ಕೆ ಚುಚ್ಚಿ ಬಂದ್ರು. ಎರಡು ವಾರಕ್ಕೆ ಸೆನ್ಸರಿನ ಕಾಲು ಹಸಿರುಗಟ್ಟಿ ಒಂದು ಕಡೆ ತಿಂದೋಗಿತ್ತು. ಮಣ್ಣು ಕೆಟ್ಟದ್ದು ಅಂತ ಶುರುವಾಗಿದ್ದು, ಕೊನೆಗೆ ರಸಾಯನಶಾಸ್ತ್ರದ ವಿದ್ಯುದ್ವಿಭಜನೆಗೆ ಬಂತು, ಒದ್ದೆ ಮಣ್ಣಲ್ಲಿ ಎರಡು ಲೋಹದ ಕಡ್ಡಿ ಇಟ್ಟು ಹಗಲು ರಾತ್ರಿ ಒಂದೇ ದಿಕ್ಕಿಗೆ ಕರೆಂಟು ಹರಿಸಿದ್ರೆ ಇನ್ನೇನಾಗುತ್ತೆ. ಅರ್ಧ ಗಂಟೆಗೊಮ್ಮೆ ಒಂದು ಕ್ಷಣ ಮಾತ್ರ ಸೆನ್ಸರಿಗೆ ಕರೆಂಟು ಕೊಟ್ಟು ಓದಿ ಆಫ್ ಮಾಡೋ ಹಂಗೆ ಪ್ರೋಗ್ರಾಂ ಬದಲಾಯಿಸಿದ್ರು, ಆ ಸೆನ್ಸರು ಬೇಸಿಗೆ ರಜೆವರೆಗೂ ಬಾಳ್ತು. ಮೇಳಕ್ಕೆ ಅದನ್ನ ತಗೊಂಡೋಗ್ಲಿಲ್ಲ, ಮಣ್ಣು ಮೆತ್ಕೊಂಡು ನೋಡೋಕೆ ಚೆನ್ನಾಗಿರ್ಲಿಲ್ಲ.

ಈಗ ಕಷ್ಟದ ಮಾತಿಗೆ ಬರ್ತೀನಿ. ನಮ್ಮಲ್ಲಿ ಎನ್‌ಎಸ್‌ಕ್ಯೂಎಫ್ ಅನ್ನೋ ಕಸುಬಿನ ಶಿಕ್ಷಣದ ವ್ಯವಸ್ಥೆ ಇರೋ ಸರ್ಕಾರಿ ಹೈಸ್ಕೂಲುಗಳಲ್ಲಿ 9ನೇ ಕ್ಲಾಸಿಂದ ಮೂರನೇ ಭಾಷೆ ಬದ್ಲಿಗೆ ಐಟಿ, ಆಟೊಮೊಬೈಲ್, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಈ ಥರ ಒಂದು ವಿಷಯ ತಗೋಬಹುದು. ಅದನ್ನ ತಾಯ್ತಂದೆಯರ ಸಭೇಲಿ ವಿವರಿಸ್ತಿದ್ದೆ. ಒಬ್ರು ಎದ್ದು ನಿಂತ್ರು, ಗಾರೆ ಕೆಲಸದೋರು, ಎರಡು ಕೈನೂ ಮುಂದೆ ಹಿಡಿದ್ರು. ಸಿಮೆಂಟು ತಿಂದು ಬೆರಳ ತುದಿ ಬಿರುಕು ಬಿಟ್ಟಿತ್ತು. "ಮೇಡಮ್ಮೋರೆ, ನಮ್ಮಪ್ಪ ಕೈಕೆಲಸ ಮಾಡ್ದ, ನಾನೂ ಮಾಡ್ದೆ, ನನ್ ಮಗನ್ನ ಇಸ್ಕೂಲಿಗೆ ಕಳ್ಸಿದ್ದು ಅದ್ರಿಂದ ಬಿಡಿಸ್ಕೊಳ್ಳಕ್ಕೆ. ನೀವು ಇಲ್ಲೂ ಅದನ್ನೇ ಕಲಿಸ್ತೀವಿ ಅಂತೀರಲ್ಲ. ಪೇಟೆ ಇಂಗ್ಲಿಷ್ ಇಸ್ಕೂಲ್ನಾಗೆ ಆಟೊಮೊಬೈಲ್ ಕಲಿಸ್ತಾರಾ?" ನನ್ನ ಹತ್ರ ಉತ್ತರ ಇರ್ಲಿಲ್ಲ. ಇವತ್ತಿಗೂ ಪೂರ್ತಿ ಇಲ್ಲ. ಯಾಕಂದ್ರೆ ಅವರ ಪ್ರಶ್ನೇಲಿ ಜಾತಿ ಇದೆ, ಬಡತನ ಇದೆ, ಯಾರ ಮಗ ಹದಿನಾಲ್ಕಕ್ಕೇ ಮೆಕ್ಯಾನಿಕ್ ಅಂತ ತೀರ್ಮಾನ ಆಗ್ತಾನೆ, ಯಾರ ಮಗನಿಗೆ ಇಪ್ಪತ್ತೆರಡರವರೆಗೂ ಯೋಚ್ನೆ ಮಾಡೋಕೆ ಟೈಮ್ ಸಿಗುತ್ತೆ ಅನ್ನೋದೂ ಇದೆ. ಇದನ್ನ ಒಪ್ಕೊಳ್ದೆ ಕೌಶಲ ಕೌಶಲ ಅಂತ ಭಾಷಣ ಮಾಡೋರ್ನ ಕಂಡ್ರೆ ನಂಗೆ ಆಗಲ್ಲ.

ಅದಕ್ಕೇ ಕೇರಳದೋರು ಮಾಡಿದ್ದು ನಂಗೆ ಇಷ್ಟ ಆಗಿದ್ದು. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಸರ್ಕಾರಿ ಹೈಸ್ಕೂಲುಗಳಲ್ಲಿ ಐಟಿ ಕ್ಲಬ್ ಶುರು ಮಾಡಿದ್ರು, ಆಸಕ್ತಿ ಇರೋ ಮಕ್ಳಿಗೆ ಮಾತ್ರ. ಆಮೇಲೆ ಕಿಟ್ಟು ಕೊಟ್ರು. 2025ರ ಜೂನಿಂದ 10ನೇ ಕ್ಲಾಸಿನ ಎಲ್ರಿಗೂ ರೋಬೋಟಿಕ್ಸ್ ಪಾಠ ಅಂತ ಮಾಡಿದ್ರು, 4.3 ಲಕ್ಷ ಮಕ್ಳು, 29,000 ಕಿಟ್ಟು. ಎಲ್ರಿಗೂ ಅನ್ನೋದೇ ವಿಷಯ. ಡಾಕ್ಟರ್ ಮಗಳೂ ಸರ್ವೋ ಮೋಟಾರ್ ಜೋಡಿಸ್ಬೇಕು, ಗಾರೆ ಕೆಲಸದೋರ ಮಗನೂ ಜೋಡಿಸ್ಬೇಕು. ಅವರ ಐಸಿಟಿ ಪುಸ್ತಕ ಕನ್ನಡದಲ್ಲೂ ಬರುತ್ತೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಳಿಗೆ. ಕನ್ನಡದಲ್ಲಿ ಸೆನ್ಸರ್ ಪಾಠ ಹೆಂಗೆ ಮಾಡೋದು ಅಂತ ಕೇಳೋರು ಗಡಿ ದಾಟಿ ಒಂದು ಪುಸ್ತಕ ತರಿಸ್ಕೊಂಡು ನೋಡಿ. ನಮ್ಮ ಕಡೆ ಏನಾಗುತ್ತೆ, ಸ್ಪರ್ಧೆಗೆ ಅಂತ ಐದು ಮಕ್ಳ ಟೀಮು, ಅದೇ ಫಸ್ಟ್ ಬೆಂಚಿನೋರು, ಮಿಕ್ಕ ನಲವತ್ತೈದು ಚಪ್ಪಾಳೆ ಹೊಡೆಯೋಕೆ.

ಆ ತಂದೆಗೆ ನಾನು ಆವತ್ತು ಹೇಳಿದ್ದು ಇಷ್ಟೇ, ನಿಮ್ಮ ಮಗ ಏನಾಗ್ಬೇಕು ಅಂತ ನಾನು ಹೇಳಲ್ಲ, ಎಸ್‌ಎಸ್‌ಎಲ್‌ಸಿ ಆದ್ಮೇಲೆ ಪಿಯುಸಿ ಒಂದೇ ಬಾಗ್ಲು ಅನ್ಕೋಬೇಡಿ ಅಂತ. ಜಿಟಿಟಿಸಿ ಅನ್ನೋ ಸರ್ಕಾರಿ ತಾಂತ್ರಿಕ ತರಬೇತಿ ಕೇಂದ್ರ 1972ರಿಂದ ಇದೆ, ಎಸ್‌ಎಸ್‌ಎಲ್‌ಸಿ ಮೇಲೆ ಅಚ್ಚು ಉಪಕರಣ ಮಾಡೋ ಟೂಲ್ ಅಂಡ್ ಡೈ, ಯಂತ್ರ ಎಲೆಕ್ಟ್ರಾನಿಕ್ಸ್ ಎರಡೂ ಸೇರಿರೋ ಮೆಕಾಟ್ರಾನಿಕ್ಸ್ ಡಿಪ್ಲೊಮಾ, ಮೂರು ವರ್ಷ ಓದು, ಒಂದು ವರ್ಷ ಕಂಪನೀಲಿ ತರಬೇತಿ. 2022ರಲ್ಲಿ ರಾಜ್ಯ ಸರ್ಕಾರದೋರು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಕಂಪ್ಯೂಟರ್ ಹೇಳಿದಂಗೆ ಲೋಹ ಕತ್ತರಿಸೋ ಸಿಎನ್‌ಸಿ ಯಂತ್ರ, ಕೈಗಾರಿಕಾ ರೋಬೋಟು ಎಲ್ಲಾ ಹಾಕಿದ್ರು. ನಮ್ಮ ಮಕ್ಳಲ್ಲಿ ಹೆಚ್ಚಿನೋರು ಅದನ್ನ ಕಣ್ಣಲ್ಲೂ ನೋಡಿಲ್ಲ, ಹತ್ತಿರದ ಐಟಿಐ ಹನ್ನೆರಡು ಕಿಲೋಮೀಟರ್ ದೂರ. ಒಂದು ದಿನ ಕರ್ಕೊಂಡು ಹೋಗಿ, ಪ್ರಿನ್ಸಿಪಾಲರಿಗೆ ಫೋನ್ ಮಾಡಿದ್ರೆ ಬೇಡ ಅನ್ನಲ್ಲ. ಆ ಗಾರೆಯೋರ ಮಗ ಪಿಯುಸಿ ಸೈನ್ಸೇ ತಗೊಂಡ, ನಂಗೆ ಖುಷಿನೇ ಆಯ್ತು. ಬಲ್ಬು ಡಿಮ್ ಆಗುತ್ತೆ ಅಂದಿದ್ದು ಅವನೇನಾ ಅಂತ ಕೇಳ್ಬೇಡಿ, ಅವನಲ್ಲ. ಅವನು ಡಿಪ್ಲೊಮಾ ಸೇರಿದ.

ಸೋಮವಾರದಿಂದ ಏನು ಮಾಡೋದು ಅಂತ ಆಗ್ಲೇ ಒಬ್ರು ಚೀಟಿ ಕಳಿಸಿದಾರೆ. ರಿಜಿಸ್ಟರು ಎರಡು ಮಾಡಿ. ಬಿಸ್ಕತ್ ಡಬ್ಬ ಒಂದು ಇಡಿ. ಸೋಲ್ಡರಿಂಗ್ ಮಾಡಿಸೋವಾಗ ಕಿಟಕಿ ತೆಗೀರಿ, ಆಮೇಲೆ ಕೈ ತೊಳೆಸಿ. ಲಿಥಿಯಂ ಸೆಲ್ಲು ಮಾತ್ರ ನಿಮ್ಮ ಕಣ್ಣೆದುರೇ ಚಾರ್ಜ್ ಆಗ್ಲಿ, ಅದಕ್ಕೆ ಬೀಗ ಇದ್ರೆ ನನ್ನ ತಕರಾರಿಲ್ಲ. ಇನ್ನೊಂದು ಚೀಟಿ, "ನಮ್ಮಲ್ಲಿ ಲ್ಯಾಪ್‌ಟಾಪ್ ಕೆಟ್ಟಿದೆ, ರಿಪೇರಿಗೆ ಅನುದಾನ ಇಲ್ಲ, ಕಿಟ್ ಹೆಂಗೆ ಬಳಸೋದು?" ಆಂಡ್ರಾಯ್ಡ್ ಮೊಬೈಲಿದೆಯಲ್ಲ ಸಾರ್ ನಿಮ್ಮ ಹತ್ರ? ಆರ್ಡುಯಿನೋಡ್ರಾಯ್ಡ್ ಅಂತ ಆಪ್ ಇದೆ, ಮೊಬೈಲಿಗೆ ಬೇರೆ ಸಾಧನ ಜೋಡಿಸೋ ಒಂದು ಓಟಿಜಿ ಕೇಬಲ್ ಹಾಕಿದ್ರೆ ಮೊಬೈಲಿಂದಲೇ ಬೋರ್ಡಿಗೆ ಪ್ರೋಗ್ರಾಂ ಹೋಗುತ್ತೆ, ನಾವು ಕರೆಂಟ್ ಇಲ್ದಿರೋ ದಿನ ಹಂಗೇ ಮಾಡೋದು. ಕೇಬಲ್ಲು ಊರಿನ ಯಾವ ಮೊಬೈಲ್ ಅಂಗಡೀಲಾದ್ರೂ ಸಿಗುತ್ತೆ. ಬಿಲ್ ಇಸ್ಕೊಳ್ಳಿ, ಖರ್ಚಾಗೋ ಸಾಮಾನಿನ ಪುಸ್ತಕಕ್ಕೇ ಬರೀರಿ.